ತುಟಿ ಸಡಿಲಿಸುವ ಪಾಠ

ನಗರ ಬ್ಯಾಂಡಿನ ಮೇಷ್ಟ್ರಿಗೆ ಜನ ಇಟ್ಟ ಹೆಸರು ಕುದುರೆ ಮೇಷ್ಟ್ರು. ಅವರ ಬಳಿ ಕುದುರೆಯೇನೂ ಇರಲಿಲ್ಲ. ಟ್ರಂಪೆಟ್ ಕಲಿಯಲು ಬಂದವರನ್ನೆಲ್ಲ ಮೊದಲು ಕಿಟಕಿಯ ಕಡೆಗೆ ತಿರುಗಿಸಿ ನಿಲ್ಲಿಸಿ, ಕುದುರೆಯ ಹಾಗೆ ತುಟಿಗಳನ್ನು ಫರ್ರೆಂದು ಅದುರಿಸಲು ಹೇಳುತ್ತಿದ್ದರು. ಆಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಾಯಿಯ ಮೇಲೆ ಒತ್ತಿಕೊಳ್ಳಬೇಕು, ಬೆರಳ ತುದಿಯಿಂದ ಕೆನ್ನೆ ತೀಡಿಕೊಳ್ಳಬೇಕು, ಕೊನೆಗೆ ತೀರಾ ಕೆಳಗಿನ ಸ್ವರಗಳನ್ನು ಮೆಲ್ಲಗೆ ಊದಬೇಕು. ಹತ್ತು ನಿಮಿಷ ಊದಿದರೆ ಹತ್ತು ನಿಮಿಷ ಸುಮ್ಮನಿರಬೇಕು. ಬೀದಿಯಲ್ಲಿ ಹೋಗುವವರು ಆ ಸದ್ದು ಕೇಳಿ, "ಲಾಯಕ್ಕೆ ಇನ್ನೂ ಹುಲ್ಲು ಹಾಕಿಲ್ಲ ಅಂತ ಕಾಣತ್ತೆ" ಎಂದು ನಗುತ್ತಿದ್ದರು. ನಗುವವರಿಗೇನು, ಹರಿಯುವ ತುಟಿ ಅವರದಲ್ಲವಲ್ಲ.

ಮೇಷ್ಟ್ರು ಮೊದಲಿನಿಂದ ಹೀಗಿರಲಿಲ್ಲ. ನೋವು ಬಂದರೆ ಇನ್ನಷ್ಟು ಊದು, ತಾನಾಗಿ ಹೋಗುತ್ತದೆ ಎಂದು ನಂಬಿದ್ದ ಹಳೆಯ ಕಾಲದ ವಾದಕರಲ್ಲಿ ಅವರೂ ಒಬ್ಬರು. ತಾಯಿಯಿಲ್ಲದ ಮಗಳನ್ನು ಒಬ್ಬರೇ ಬೆಳೆಸಿದ್ದರು. ಅವಳು ಅವರಿಗಿಂತ ಚೆನ್ನಾಗಿ ಊದುತ್ತಿದ್ದಳು. ಅದನ್ನು ಅವರೇ ಕಂಡಕಂಡವರ ಮುಂದೆ ಹೇಳಿಕೊಂಡು ಬೀಗುತ್ತಿದ್ದರು.

ಆರು ವರ್ಷದ ಹಿಂದೆ ಬ್ಯಾಂಡಿನಲ್ಲಿ ಮೊದಲ ಟ್ರಂಪೆಟ್ಟಿನ, ಅಂದರೆ ಮುಖ್ಯ ವಾದಕರ, ಜಾಗ ಖಾಲಿಯಾಯಿತು. ಅದಕ್ಕೆ ಮಗಳು ಕೂರಬೇಕಿದ್ದ ಆಯ್ಕೆ ಪರೀಕ್ಷೆಯ ಹಿಂದಿನ ದಿನ, ಅವಳ ಬಾಯಲ್ಲಿ ಒಂದು ಎತ್ತರದ ಸ್ವರ ಮೂರು ಸಲಕ್ಕೊಮ್ಮೆ ಒಡೆಯುತ್ತಿತ್ತು. ಬೆಳಿಗ್ಗೆ ಕೂತವರು ಮಧ್ಯಾಹ್ನವಾದರೂ ಎದ್ದಿರಲಿಲ್ಲ. ಅವಳ ಮೇಲ್ದುಟಿ ಬಾತುಕೊಂಡಿತ್ತು.

"ಅಪ್ಪ, ಸಾಕು. ಉರೀತಿದೆ."

"ಒತ್ತಿ ಹಿಡಿ, ಬರತ್ತೆ. ಇನ್ನೊಂದೇ ಸಲ."

ಆ ಇನ್ನೊಂದೇ ಸಲ ಎಷ್ಟು ಸಲವಾಯಿತೋ ಲೆಕ್ಕವಿಲ್ಲ. ಕೊನೆಗೂ ಸ್ವರ ಬಂತು, ಎಲ್ಲೂ ಬಿರುಕಿಲ್ಲದೆ ಬಂತು. ಅದರ ಬೆನ್ನಿಗೇ ಮಗಳು ಟ್ರಂಪೆಟ್ಟನ್ನು ತೊಡೆಯ ಮೇಲೆ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ತುಟಿಯ ಸ್ನಾಯು ಹರಿದಿದೆ ಎಂದು ಡಾಕ್ಟರು ಹೊಲಿಗೆ ಹಾಕಿದರು. ಮಾತಿಗೆ, ಊಟಕ್ಕೆ ತೊಂದರೆಯಾಗಲಿಲ್ಲ. ಟ್ರಂಪೆಟ್ ಎತ್ತಿದರೆ ಮಾತ್ರ ಹೊಲಿಗೆಯ ಜಾಗದಿಂದ ಗಾಳಿ ಪುಸಕ್ಕೆಂದು ಸೋರಿಹೋಗುತ್ತಿತ್ತು. ಬ್ಯಾಂಡಿನ ಜಾಗಕ್ಕೆ ಬೇರೆಯವರು ಬಂದರು. ಮಗಳು ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು.

ಆಮೇಲೆ ಮೇಷ್ಟ್ರು ತುಟಿ ಸಡಿಲಿಸುವ ವಿದ್ಯೆಯನ್ನು ಕಂಡವರನ್ನೆಲ್ಲ ಕೇಳಿ ಕಲಿತರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ಆದರೂ ಹಾಕಿದರು, ದಿನವೂ ಹಾಕಿದರು. ಬೆಳಿಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ಬಿಸಿನೀರು ಇಟ್ಟು ಮಗಳನ್ನು ಕರೆಯುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಫರ್ರ್ ಅನ್ನುತ್ತಿದ್ದರು. ಕೊನೆಗೆ ಅವಳು ಒಂದು ಕೆಳಸ್ವರ ಊದಬೇಕು. "ನಿನ್ನೆಗಿಂತ ಗಾಳಿ ಕಮ್ಮಿ ಸೋರ್ತು, ನೋಡಿದ್ಯಾ?" ಎಂದು ಮೇಷ್ಟ್ರು ಕೇಳುವರು. ಅವಳು ಹೂಂ ಅನ್ನುವಳು. ಮಗಳ ತುಟಿ ಒಂದು ದಿನ ಸರಿಹೋಗುತ್ತದೆ ಎಂಬ ಆಸೆಯೊಂದೇ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಈ ವರ್ಷ ಮಗಳಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ದಿನ ಮೇಷ್ಟ್ರು ಅವಳ ಚೀಲದೊಳಗೆ ಟ್ರಂಪೆಟ್ಟಿನ ಮೌತ್‌ಪೀಸ್, ಒಗೆದು ಮಡಿಸಿದ ಬಟ್ಟೆ, ದಪ್ಪಕ್ಷರದಲ್ಲಿ ಬರೆದ ಅಭ್ಯಾಸದ ಕಾಗದ ಎಲ್ಲವನ್ನೂ ತುರುಕಿದರು. ಮಗಳು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಬಿಡಬಾರದು ಕಣಮ್ಮ. ಈಗ ತಾನೇ ಸುಧಾರಿಸ್ತಿದೆ."

"ಸುಧಾರಿಸಿಲ್ಲಪ್ಪ. ಹೊಲಿಗೆ ಬಿಚ್ಚಿದ ದಿನಾನೇ ಡಾಕ್ಟ್ರು ಹೇಳಿದ್ರು, ಇನ್ನು ಊದೋಕಾಗಲ್ಲ ಅಂತ. ನೀನು ಔಷಧಿ ತರೋಕೆ ಹೋಗಿದ್ದೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ಮತ್ತೆ ಇಷ್ಟು ವರ್ಷ ಯಾಕೆ ಮಾಡಿದೆ?"

"ಆಮೇಲೆ ನಾನು ಊದಿದಾಗ ಗಾಳಿ ಸೋರಿದ್ದು ನೋಡಿ ನೀನು ಊಟ ಬಿಟ್ಟು ಮಲಗಿಬಿಟ್ಟೆ. ಎಂಟನೇ ದಿನ ಎದ್ದು ಎಲ್ಲಿಗೋ ಹೋಗಿ ಈ ಕಸರತ್ತು ಕಲ್ತು ಬಂದೆ. ನಾನು ಮಾಡಿದೆ. ಅವತ್ತು ನೀನಾಗಿಯೇ ತಟ್ಟೆ ಹಾಕ್ಕೊಂಡು ಊಟಕ್ಕೆ ಕೂತೆ."

ಮಗಳನ್ನು ತಾವು ನೋಡಿಕೊಳ್ಳುತ್ತಿದ್ದೇವೆ ಎಂದೇ ಅವರು ಇಷ್ಟು ದಿನ ತಿಳಿದಿದ್ದರು. ಮೇಜಿನ ಮೇಲಿನ ಕಾಗದವನ್ನು ಸುಮ್ಮನೆ ನಾಲ್ಕು ಸಲ ಮಡಿಸಿದರು. ಆರು ವರ್ಷದಿಂದ ಆಡದೆ ಉಳಿಸಿಕೊಂಡಿದ್ದ ಮಾತನ್ನು ಆಗ ಆಡಿದರು.

"ಅವತ್ತು ನೀನು ಸಾಕು ಅಂದೆ. ನಾನು ಕೇಳಲಿಲ್ಲ."

"ಹೌದು, ಕೇಳಲಿಲ್ಲ," ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೋಗಲಿ ಬಿಡು ಎಂದೂ ಅವಳು ಹೇಳಲಿಲ್ಲ.

ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅವಳು ಅಪ್ಪನಿಗೆ ಊಟ ಬಡಿಸಿ, ಅವರು ಕೊನೆಯ ತುತ್ತು ನುಂಗುವವರೆಗೂ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಎದುರಿಗೇ ಕೂತಿದ್ದಳು.