ಅವ್ವನ ಎಡಗೈ

ಶಿಗ್ಗಾಂವಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಸಮಾಜಶಾಸ್ತ್ರ ಪಾಠ ಮಾಡುವವನು ನಾನು. ಜನ ಹೊಸ ಹೊಸ ಧ್ಯಾನಕೂಟಗಳಿಗೆ ಯಾಕೆ ಹೋಗುತ್ತಾರೆಂದರೆ, ಮಠದಲ್ಲಿ ಸಿಗದ ಮಾತು, ಮನೆಯಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಗುತ್ತದೆ. ಪವಾಡ ಗಿವಾಡ ಏನೂ ಇಲ್ಲ ಎಂದು ಹುಡುಗರಿಗೆ ಹೇಳುತ್ತ ಬಂದಿದ್ದೆ. ಆದರೆ ನನ್ನ ಅಕ್ಕನೇ ಅಂಥ ಕೂಟ ಹಿಡಿದಾಗ ಶಾಸ್ತ್ರವೆಲ್ಲ ಮರೆತು ಸಿಟ್ಟು ಬಂತು.

ಬಂಕಾಪುರದ ನಿವೃತ್ತ ನರ್ಸ್ ಒಬ್ಬರ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ಆ ಕೂಟ. ಫೋಟೊ ಇಲ್ಲ, ಪಾದಪೂಜೆ ಇಲ್ಲ. ಲಿಂಗಾಯತರು, ಮುಸಲ್ಮಾನರು ಒಂದೇ ಚಾಪೆಯ ಮೇಲೆ ಎಡ ಅಂಗೈ ತೆರೆದಿಟ್ಟು ಅರ್ಧ ತಾಸು ಸುಮ್ಮನೆ ಕೂಡುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಊಟ ಬಿಟ್ಟು ಸೊರಗಿದ್ದ ಅಕ್ಕ ಅಲ್ಲಿಗೆ ಹೋಗತೊಡಗಿದ ಮೇಲೆಯೇ ಎರಡು ರೊಟ್ಟಿ ತಿನ್ನುವಂತಾಗಿದ್ದಳು. ಆದರೂ ನಾನು ಬಯ್ಯುವುದು ಬಿಡಲಿಲ್ಲ. ಕೊನೆಗೆ ಅವಳೇ ಅಂದಳು: "ನೀ ಓದಿದಾಂವ. ಒಮ್ಮೆ ಬಂದು ನೋಡು. ಮೋಸ ಐತಿ ಅಂದ್ರ ಇವತ್ತ ಬಿಡ್ತೇನಿ."

ಬಿಡಿಸಿಯೇ ತೀರುತ್ತೇನೆಂದು ಹೋಗಿ ಕುಳಿತೆ. ನರ್ಸಮ್ಮ ಒಬ್ಬೊಬ್ಬರ ಅಂಗೈಗೆ ಬೆರಳು ಮುಟ್ಟಿಸುತ್ತ ಬಂದರು. ನನ್ನ ಹತ್ತಿರ ಬಗ್ಗಿ, ನನಗಷ್ಟೇ ಕೇಳುವಂತೆ, "ಸರ, ನಿಮ್ಮ ಲಿಂಗ ನಿಮ್ಮ ಅವ್ವಾರ ಕೈಯಾಗ ಐತ್ರಿ. ಅವ್ರಿಗೆ ಸಿಟ್ಟಿಲ್ರಿ" ಎಂದು ಮುಂದೆ ಹೋದರು. ತೆರೆದಿಟ್ಟಿದ್ದ ಅಂಗೈಯನ್ನು ನಾನು ಮುಚ್ಚಿಕೊಂಡೆ.

ಈಗ ನಿಮ್ಮ ಮುಂದೆ ಮುಚ್ಚಿಡುವುದೇನಿದೆ? ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಮೊದಲು ಅವ್ವನ ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದರು. ಗಡಿಬಿಡಿಯಲ್ಲಿ ಎಲ್ಲಿಟ್ಟೆನೋ ಮರೆತೆ. ನಮ್ಮಲ್ಲಿ ಸತ್ತವರ ಎಡಗೈಯಲ್ಲಿ ಅವರವರ ಲಿಂಗವನ್ನೇ ಇಟ್ಟು ಮಣ್ಣು ಕೊಡುತ್ತಾರೆ. ಅವ್ವನ ಕ್ರಿಯೆ ಮಾಡಿಸಲು ಬಂದ ಅಯ್ನೋರು "ಲಿಂಗ ತರ್ರಿ" ಅಂದಾಗ ದಿಕ್ಕು ತೋಚದೆ, ಒಳಗಿನ ಕೋಣೆಗೆ ಹೋಗಿ, ಅವ್ವನ ಸಲುವಾಗಿ ಕಟ್ಟಿಕೊಂಡಿದ್ದ ನನ್ನ ಲಿಂಗವನ್ನೇ ಬಿಚ್ಚಿ ತಂದುಕೊಟ್ಟೆ. ವಾರದ ಮೇಲೆ ಅವ್ವನದು ಆಸ್ಪತ್ರೆಯ ಲಕೋಟೆಯ ತಳದಲ್ಲಿ ಸಿಕ್ಕಿತು. ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹೆಂಡತಿಗೂ ಹೇಳಲಿಲ್ಲ.

ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನೋಣವೆಂದರೆ ಇದು ಅಂದಾಜಿನ ಮೇಲೆ ಆಡುವ ಮಾತಲ್ಲ. ನರ್ಸಮ್ಮ ನಾವಿದ್ದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರೇನೋ ಎಂದು ಆಮೇಲೆ ವಿಚಾರಿಸಿದೆ. ಇಲ್ಲ, ಅವರ ನೌಕರಿಯೆಲ್ಲ ಹಿರೇಕೆರೂರು ಕಡೆಯ ಹಳ್ಳಿಗಳಲ್ಲೇ ಮುಗಿದಿತ್ತು.

ಅವತ್ತು ಕೂಟ ಮುಗಿದ ಮೇಲೆ ಹೊರಗೆ ಚಪ್ಪಲಿ ಮೆಟ್ಟುತ್ತ ಅಕ್ಕ ನನ್ನ ಮುಖ ನೋಡಿದಳು. "ಹೇಳೋ, ಬಿಡ್ಲೇನು?"

"ಬ್ಯಾಡಕ್ಕ, ಹೋಗು" ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾಕೆಂದು ಕೇಳಲಿಲ್ಲ, ಪುಣ್ಯ.

ಇದಾಗಿ ನಾಲ್ಕು ವರ್ಷವಾಯಿತು. ಅಕ್ಕ ಈಗಲೂ ಹೋಗುತ್ತಾಳೆ, ನಾನು ಈಗಲೂ ಅದೇ ಪಾಠ ಮಾಡುತ್ತೇನೆ. ನಿಮಗೆ ಹೇಗೆ ಗೊತ್ತಾಯಿತೆಂದು ನರ್ಸಮ್ಮನನ್ನೇ ಕೇಳಬಹುದು, ಬಂಕಾಪುರ ದೂರವೇನಲ್ಲ. ಕೇಳಲು ಹೋದರೆ, ಅವ್ವನಿಗೆ ಸಿಟ್ಟಿಲ್ಲವೆಂದ ಮಾತನ್ನು ಎಲ್ಲಿ ಹಿಂದಕ್ಕೆ ತೆಗೆದುಕೊಂಡುಬಿಡುತ್ತಾರೋ ಎಂದು ಅಂಜಿಕೆ.