ಒಂದೇ ವೈರು, ಅವ್ವನ ಕೈಮಾತು

ನಮ್ಮವ್ವನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಬೇಮಳಖೇಡದ ಆಕೆಯ ತವರಿನವರು ಅಂಥ ಹುಡುಗಿಗೆ ಶಾಲೆ ಯಾಕೆ ಅಂತ ಎಮ್ಮೆ ಕಾಯಲು ಕಳಿಸಿದರು. ಆಕೆ ಕೈಯಲ್ಲಿ ಆಡುವ ಮಾತು ಯಾವ ಶಾಲೆಯದೂ ಅಲ್ಲ, ತಾನೇ ಕಟ್ಟಿಕೊಂಡದ್ದು. ಬಸವಕಲ್ಯಾಣ ಅಂದರೆ ಮುಷ್ಟಿಯ ಮೇಲೆ ಮುಷ್ಟಿ, ಅದು ಕೋಟೆ. ಹುಮನಾಬಾದ್ ಅಂದರೆ ತೋಳಿನ ಮೇಲೆ ಎರಡು ಬೆರಳು ಓಡಿಸುವುದು, ಅದು ರೈಲು. ನನ್ನ ಗಂಡ ಅಂದರೆ ಗಾಳಿಯಲ್ಲಿ ಹತ್ತೂ ಬೆರಳು ಕುಣಿಸುವುದು, ಯಾಕೆಂದರೆ ಅವರು ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಮಂದಿಯ ಅರ್ಜಿ ತುಂಬುತ್ತಾರೆ. ಈ ಮಾತು ಪೂರ್ತಿ ಬಲ್ಲವಳು ನಾನೊಬ್ಬಳೇ ಅಂತ ನನಗೆ ಸೊಕ್ಕಿತ್ತು. ಅಣ್ಣನಿಗೆ ಅರ್ಧ ಬರುತ್ತದೆ. ಅಣ್ಣನ ಹೆಂಡತಿ, ನಮ್ಮ ವೈನಿಗೆ, ಊಟ, ನೀರು, ಮಾತ್ರೆ ಇಷ್ಟೇ ಬರುತ್ತದೆ ಅಂತ ನಾನು ತಿಳಿದಿದ್ದೆ.

ಉಳಿದ ಮಂದಿಗೆಲ್ಲ ಅವ್ವ ಗೋಣು ಹಾಕುತ್ತಿದ್ದಳು. ಯಾರಾದರೂ ತುಟಿ ಆಡಿಸಿ ತನ್ನ ಮುಖ ನೋಡಿದರೆ ಸಾಕು, ಸಣ್ಣಗೆ ನಕ್ಕು ಎರಡು ಸಲ ತಲೆ ತೂಗುವುದು. ತಿಳಿಯಿತು ಅಂತಲ್ಲ, ನನ್ನಿಂದ ನಿಮಗೆ ತ್ರಾಸು ಬೇಡ ಅಂತ. ಒಮ್ಮೆ ಹೀಗೇ ಗೋಣು ಹಾಕಿ ಹಾಲು ಕೊಡುವ ಎಮ್ಮೆಯನ್ನೇ ವ್ಯಾಪಾರಿಗೆ ಬಿಟ್ಟುಕೊಟ್ಟಿದ್ದಳು. ನನಗೆ ಮಾತ್ರ ಆಕೆ ಎಂದೂ ಆ ಗೋಣು ಹಾಕಿದವಳಲ್ಲ. ನನ್ನ ಜೊತೆ ಜಗಳ ಆಡುತ್ತಿದ್ದಳು, ಬೈಯುತ್ತಿದ್ದಳು, ನೆರೆಮನೆಯವರ ಚಾಡಿ ಹೇಳುತ್ತಿದ್ದಳು. ಕಿವುಡರ ಮುಂದೆ ಕಿನ್ನರಿ ಬಾರಿಸಿದಂತೆ ಅಂತ ಯಾರಾದರೂ ಗಾದೆ ಹೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕಿನ್ನರಿ ಯಾರಿಗೆ ಬೇಕಾಗಿತ್ತು? ಎದುರಿಗೆ ಕೂತು ನಾಲ್ಕು ಬೆರಳು ಆಡಿಸಿದ್ದರೆ ಆಗುತ್ತಿತ್ತು.

ಮದುವೆಯಾಗಿ ನಾನು ಬಸವಕಲ್ಯಾಣಕ್ಕೆ ಬಂದೆ, ಅವ್ವ ಹುಮನಾಬಾದಿನಲ್ಲಿ ಅಣ್ಣನ ಮನೆಯಲ್ಲಿ ಉಳಿದಳು. ಫೋನಿನಲ್ಲಿ ತಾಯಿಯ ಜೊತೆ ಮಾತಾಡುವ ಭಾಗ್ಯ ನನಗಿರಲಿಲ್ಲ. ವಿಡಿಯೋ ಬಂದ ಮೇಲೆ ತವರು ಮತ್ತೆ ಸಿಕ್ಕಂತಾಯಿತು. ಆದರೆ ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವ್ವನ ಕಣ್ಣು ಮಬ್ಬು ಮಾಡಿತ್ತು, ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನನ್ನ ಬೆರಳು ಆಕೆಗೆ ಕಾಣುತ್ತಿರಲಿಲ್ಲ. ಅದಕ್ಕೆ ಅಣ್ಣ ತನ್ನ ಲ್ಯಾಪ್‌ಟಾಪ್ ತೆರೆದು ಆಕೆಯ ಮುಂದೆ ಇಡುತ್ತಿದ್ದ. ನನ್ನದು ಗುಂಡಿ ಒತ್ತುವ ಮೊಬೈಲು, ಹಾಗಾಗಿ ನಾನು ಇಲ್ಲಿ ಅಂಗಡಿಯ ಹಳೆಯ ಕಂಪ್ಯೂಟರನ್ನು ಒಳಕೋಣೆಗೆ ತಂದು, ಅದಕ್ಕೊಂದು ಕ್ಯಾಮೆರಾ ಸಿಕ್ಕಿಸಿ ಕೂಡುತ್ತಿದ್ದೆ.

ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಇಂಟರ್ನೆಟ್ ಒಂದೇ ಇತ್ತು. ಕೇಬಲ್‌ನವ ಕೊಟ್ಟ ಡಬ್ಬಿಯಲ್ಲಿ ವೈರು ಸಿಕ್ಕಿಸಲು ಒಂದೇ ತೂತು ಸರಿಯಿತ್ತು, ಅದರ ವೈ-ಫೈ ನಮ್ಮ ಕಲ್ಲುಗೋಡೆ ದಾಟಿ ಒಳಕೋಣೆಗೆ ಬರುತ್ತಿರಲಿಲ್ಲ. ಹಾಗಾಗಿ ಪಾಳಿ. ನಮ್ಮನೆಯವರ ಕಂಪ್ಯೂಟರಿನಿಂದ ವೈರು ಕಿತ್ತು, ಕಿಟಕಿಯಲ್ಲಿ ತೂರಿಸಿ, ನನ್ನದಕ್ಕೆ ಹಾಕಬೇಕು. ನನಗೆ ಬೇಕಾದಾಗ ಗೋಡೆ ಬಡಿಯುತ್ತಿದ್ದೆ. ಅವರು ಕೆಮ್ಮಿದರೆ ತಡಿ ಅಂತ ಅರ್ಥ. ಒಂದು ಒರೆಯಲ್ಲಿ ಎರಡು ಕತ್ತಿ ಇರಲ್ಲ ಅಂತ ನಮ್ಮತ್ತೆ ಅನ್ನುತ್ತಿದ್ದರು. ಅವರು ಹೇಳಿದ್ದು ಅತ್ತೆ ಸೊಸೆಯರ ಬಗ್ಗೆ, ನಾನು ವೈರಿಗೆ ಹಚ್ಚಿಕೊಂಡೆ.

ದಿನಾ ಜಗಳ ಬೇಡ ಅಂತ ನಮ್ಮನೆಯವರು ಕಲಬುರಗಿಗೆ ಹೋದಾಗ ಒಂದು ಸಣ್ಣ ಡಬ್ಬಿ ತಂದರು. ಒಂದು ವೈರು ಅದರೊಳಗೆ ಹೋಗಿ ಎರಡಾಗಿ ಹೊರಬರುತ್ತದೆ. ಒಂದು ಅವರಿಗೆ, ಒಂದು ನನಗೆ. ನಾನೂ ಖುಷಿಪಟ್ಟೆ. ಆದರೆ ಒಂದೇ ನಳಕ್ಕೆ ಎರಡು ಪೈಪು ಹಚ್ಚಿದರೆ ನೀರು ಹೆಚ್ಚಾಗುತ್ತದೆಯೇ? ಪಾಳಿಯ ಕಾಲದಲ್ಲಿ ಸಿಕ್ಕಷ್ಟು ಹೊತ್ತು ಪೂರಾ ನನ್ನದಾಗಿತ್ತು, ಈಗ ಯಾವಾಗಲೂ ಅರ್ಧ. ಸಾಲದ್ದಕ್ಕೆ ಕಾದು ಕೂತ ಗಿರಾಕಿಗಳಿಗೆ ಇವರು ವೈ-ಫೈ ಪಾಸ್‌ವರ್ಡ್ ಬೇರೆ ಹಂಚಿದ್ದರು, ಅವರೆಲ್ಲ ಬೆಂಚಿನ ಮೇಲೆ ಕೂತು ಹಾಡು ಕುಣಿತದ ವಿಡಿಯೋ ನೋಡುತ್ತಿದ್ದರು. ಅವ್ವನ ಚಿತ್ರ ನಡುನಡುವೆ ನಿಲ್ಲತೊಡಗಿತು. ತ್ರಾಸಾದರೆ ವಿಡಿಯೋ ಬಂದ್ ಮಾಡ್ರಿ, ದನಿ ಸಾಫ್ ಬರ್ತದ ಅಂತ ಕೇಬಲ್‌ನವ ಬುದ್ಧಿ ಹೇಳಿದ. ನಮಗೆ ಚಿತ್ರ ನಿಂತರೆ ಅವ್ವನ ಬಾಯಿ ಕಟ್ಟಿದಂತೆ ಅಂತ ಅವನಿಗೇನು ಗೊತ್ತು.

ಹೋದ ವರ್ಷ ಅವ್ವನ ಬಲಗಾಲಿಗೆ ಹೊಸ ಚಪ್ಪಲಿ ಕಚ್ಚಿತು. ಸಕ್ಕರೆಯವರ ಗಾಯ, ಮಾಯಲಿಲ್ಲ. ಹೆಬ್ಬೆರಳು ಕಪ್ಪಾಯಿತು, ಹುಮನಾಬಾದಿನ ಒಂದು ದವಾಖಾನೆಗೆ ಹಾಕಿದೆವು. ನಾನು ಹೋಗಿ ಜೊತೆಗಿದ್ದೆ. ಕಲಬುರಗಿಯಿಂದ ಬರುವ ದೊಡ್ಡ ಡಾಕ್ಟರು ನಾಡಿದ್ದು ನೋಡುತ್ತಾರೆ, ಬಹುಶಃ ಬೆರಳಷ್ಟೇ ಹೋಗಬಹುದು ಅಂದರು. ಹಾಗಿದ್ದರೆ ಬಟ್ಟೆಬರೆ ತರೋಣ ಅಂತ ಒಂದು ದಿನದ ಮಟ್ಟಿಗೆ ಮನೆಗೆ ಬಂದೆ. ಮರುದಿನ ಮಧ್ಯಾಹ್ನ ಅಂಗಳದಲ್ಲಿ ನಿಂತಿದ್ದಾಗ ಅಣ್ಣನ ಫೋನು ಬಂತು. ವಿಷ ಮೇಲೆ ಏರುತ್ತಿದೆಯಂತೆ, ಡಾಕ್ಟರು ಇವತ್ತೇ ಬಂದುಬಿಟ್ಟಿದ್ದಾರೆ, ಮೊಣಕಾಲ ಕೆಳಗೆ ಕಾಲು ತೆಗೆಯುತ್ತಾರೆ, ಇನ್ನೊಂದು ತಾಸಿನಲ್ಲಿ ಒಳಗೆ ಒಯ್ಯುತ್ತಾರೆ ಅಂದ.

ಅವ್ವನಿಗೆ ಹೇಳಿದಿರಾ ಅಂತ ಕೇಳಿದೆ.

"ಹೇಳೀವಿ. ಹೂಂ ಅಂತ ಗೋಣು ಹಾಕ್ಯಾಳ. ಹೆಬ್ಬೆಟ್ಟೂ ಒತ್ಯಾಳ," ಅಂದ ಅಣ್ಣ.

ಅದು ಎಮ್ಮೆಯನ್ನು ಬಿಟ್ಟುಕೊಟ್ಟಂಥ ಗೋಣು. ಗಾಯದ ಪಟ್ಟಿ ಬದಲಿಸುತ್ತಾರೆ ಅಂತ ತಿಳಿದು ಆಕೆ ತಲೆ ತೂಗಿರುತ್ತಾಳೆ. ನಾಳೆ ಎಚ್ಚರಾದಾಗ ಹೊದಿಕೆಯ ಕೆಳಗೆ ತಡವಿ ಕಾಲು ಹುಡುಕುತ್ತಾಳೆ. ನಾನು ಆಗಲೇ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡಾಗಿತ್ತು. ಬಸ್ಸು ರಾಜೇಶ್ವರದ ಮೇಲೆ ಹೋಗುತ್ತದೆ, ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ, ತಾಸಿನೊಳಗೆ ಮುಟ್ಟುತ್ತೇನೆಂಬ ಭರವಸೆ ಇರಲಿಲ್ಲ. ತಡವಾಗಿ ಮುಟ್ಟಿದರೆ ಆಕೆ ಏನೂ ತಿಳಿಯದೆ ಒಳಗೆ ಹೋಗಿರುತ್ತಾಳೆ. ಅದಕ್ಕಿಂತ ಇಲ್ಲಿಂದಲೇ ಮೊದಲು ಹೇಳಿಬಿಡೋಣ, ಆಕೆ ಬೇಡ ಅಂದರೆ ಅಣ್ಣನಿಗೆ ತಡೆಯಲು ಹೇಳೋಣ ಅಂತ ಚಪ್ಪಲಿ ಬಿಟ್ಟೆ. ದವಾಖಾನೆಗೆ ತಂದಿಟ್ಟುಕೊಂಡಿದ್ದ ಲ್ಯಾಪ್‌ಟಾಪ್ ತೆರೆದು ಅವ್ವನ ಮುಂದೆ ಇಡು ಅಂತ ಅಣ್ಣನಿಗೆ ಹೇಳಿ ಒಳಕೋಣೆಗೆ ಓಡಿದೆ.

ಚಿತ್ರ ಬಂತು, ನಿಂತಿತು. ಅವ್ವನ ಕೈ ಎದೆಯ ಹತ್ತಿರ. ಮುಖವೆಲ್ಲ ಚೌಕಚೌಕ. ಕಾದೆ. ಮತ್ತೆ ಸ್ವಲ್ಪ ಅಲ್ಲಾಡಿ ನಿಂತಿತು, ಈಗ ಕೈ ನನ್ನ ಕಡೆ ಚಾಚಿತ್ತು. ಏನು ಮಾಡುತ್ತಿದ್ದಾರೆ ನನಗೆ, ಅಂತ ಕೇಳುತ್ತಿದ್ದಾಳೆ ಅನಿಸಿತು. ನಾನು ಕೈ ಆಡಿಸಿದೆ, ಅಲ್ಲಿ ನಾನೂ ಹೀಗೇ ಕಲ್ಲಾಗಿ ಕಾಣುತ್ತಿದ್ದೆನೋ ಏನೋ. ಗೋಡೆ ಬಡಿದೆ. ಆಚೆಯಿಂದ ಕೆಮ್ಮು ಬಂತು.

ಮುಂದಿನ ಕೋಣೆಗೆ ಹೋದೆ. ಯಾವುದೋ ಹಾಸ್ಟೆಲ್ ಅರ್ಜಿಗೆ ಅವತ್ತು ಕಡೇ ದಿನ. ಮೋರಖಂಡಿಯ ಒಬ್ಬ ಹೆಣ್ಣುಮಗಳು, ಕೂಲಿಯ ಕೆಲಸ ಬಿಟ್ಟು ಬಂದವಳು, ಮಗಳ ಕಾಗದ ಸೆರಗಿನಲ್ಲಿ ಹಿಡಿದು ಪರದೆ ನೋಡುತ್ತ ಕೂತಿದ್ದಳು. ನಮ್ಮನೆಯವರಿಗೆ ಸಂಗತಿ ಹೇಳಿದೆ. ಅವರ ಮುಖ ಬಿಳಿಚಿತು, ಆದರೆ ಕೈ ಮೌಸ್ ಬಿಡಲಿಲ್ಲ. ಈಕೆಯ ಮಗಳ ಫೋಟೋ ಸೈಟಿಗೆ ಏರುತ್ತಿದೆ, ನಡುವೆ ಕಡಿದರೆ ಮೊದಲಿಂದ ತುಂಬಬೇಕು, ಸೈಟೇ ಬಂದ್ ಆಗಬಹುದು, ಇದೊಂದು ಹೋಗಲಿ, ಆಮೇಲೆ ಪೂರಾ ನಿನ್ನದೇ ಅಂದರು. ಕೆಟ್ಟವರಲ್ಲ ಅವರು. ಅವರ ಮುಂದೆ ಕೂತದ್ದೂ ಒಬ್ಬ ತಾಯಿಯೇ.

ಒಳಗೆ ಬಂದೆ. ಅವ್ವನ ಕೈ ಈಗ ಮಂಚದ ಅಂಚಿನ ಮೇಲೆ ನಿಂತಿತ್ತು. ಆಕೆಯ ಹಿಂದೆ ನೀಲಿ ಬಟ್ಟೆಯ ಯಾರೋ ತಳ್ಳುಗಾಡಿ ತಂದು ನಿಲ್ಲಿಸಿದ್ದರು. ನನ್ನ ಸಹನೆ ಅಲ್ಲಿಗೆ ತೀರಿತು. ಹೊರಗೆ ಹೋದವಳೇ ಆ ಸಣ್ಣ ಡಬ್ಬಿಯಿಂದ ಅವರ ವೈರು ಕಿತ್ತು, ಕೇಬಲ್‌ನವನ ಡಬ್ಬಿಯ ವೈ-ಫೈ ಗುಂಡಿಯನ್ನೂ ಆರಿಸಿದೆ. ಬೆಂಚಿನ ಮೇಲಿನ ಹಾಡುಗಳೆಲ್ಲ ಒಮ್ಮೆಗೇ ನಿಂತವು. ಮೋರಖಂಡಿಯ ಹೆಣ್ಣುಮಗಳು ನನ್ನನ್ನು ನೋಡಿದಳು.

"ನಮ್ಮವ್ವನ ಕಾಲು ಕಡೀತಾರ, ಆಕಿಗಿ ಗೊತ್ತಿಲ್ಲ," ಅಂದೆ.

ಆ ಹೆಣ್ಣುಮಗಳು ತಲೆ ತಗ್ಗಿಸಿ ಕಾಗದಗಳನ್ನು ಜೋಡಿಸತೊಡಗಿದಳು.

ಪೂರಾ ವೈರು ನನ್ನದಾದ ಮೇಲೆ ಚಿತ್ರ ತಿಳಿನೀರಿನಂತೆ ಬಂತು. ಹೇಗೆ ಹೇಳುವುದು? ಕ್ಯಾಮೆರಾಕ್ಕೆ ನನ್ನ ಸೊಂಟದ ಮೇಲಷ್ಟೇ ಕಾಣುತ್ತಿತ್ತು. ಸೀರೆ ಮೊಣಕಾಲಿಗೆ ಎತ್ತಿ, ಬಲಗಾಲನ್ನು ಮೇಜಿನ ಮೇಲೆ ಇಟ್ಟೆ. ಅಂಗೈಯ ಅಂಚಿನಿಂದ ಮೊಣಕಾಲ ಕೆಳಗೆ ಎಳೆದು ತೋರಿಸಿದೆ. ಇಲ್ಲಿಂದ ಕೆಳಗೆ ಇಲ್ಲ, ಹೋಯಿತು, ಎಸೆಯುತ್ತಾರೆ. ಕಣ್ಣೀರಿಗೆ ಪರದೆಯೇ ಕಾಣುತ್ತಿರಲಿಲ್ಲ. ಬೇಡವಾದರೆ ಬೇಡ ಅನ್ನು, ನಾನು ತಡೆಯುತ್ತೇನೆ ಅಂದೆ.

ಅವ್ವ ಹೆದರಲಿಲ್ಲ. ಹೊದಿಕೆ ಎತ್ತಿ ತನ್ನ ಕಾಲು ತೋರಿಸಿದಳು. ಮೊಣಕಾಲ ಕೆಳಗೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಆಮೇಲೆ ಮೂಗು ಹಿಡಿದಳು. ಮೂಗುತಿ, ಅಂದರೆ ವೈನಿ. ವೈನಿ ಬೆಳಿಗ್ಗೆಯೇ ತನ್ನ ಕಾಲು ಮಂಚದ ಮೇಲೆ ಎತ್ತಿಟ್ಟು, ನಾನು ಈಗ ತೋರಿಸಿದ ಹಾಗೆಯೇ ತೋರಿಸಿ, ಅತ್ತಿದ್ದಳಂತೆ. ಗೊತ್ತು ನನಗೆ ಅಂದಳು ಅವ್ವ. ಕೊಳೆತದ್ದು ಹೋಗಲಿ, ನಾನೇ ಹೂಂ ಅಂದೆ. ಈ ಸಲದ್ದು ಖರೇ ಗೋಣಾಗಿತ್ತು.

ಆಮೇಲೆ ಆಕೆಯ ಕೈ ಬೀಸುಬೀಸಾಗಿ ಆಡಿತು, ಸಿಟ್ಟು ಬಂದಾಗ ಹಾಗೆಯೇ. ಎಷ್ಟು ಹೊತ್ತಿನಿಂದ ಹೇಳುತ್ತಿದ್ದೇನೆ, ಆ ಡಬ್ಬಿಯೊಳಗೆ ಏನು ಮಾಡುತ್ತಿದ್ದೀ? ಚಾಚಿದ ಕೈಯನ್ನು ಎದೆಗೆ ಎಳೆದುಕೊಂಡಳು, ಮಂಚದ ಅಂಚು ತಟ್ಟಿದಳು. ಬಾ. ಇಲ್ಲಿ ಕೂಡು. ನಿಂತುನಿಂತು ಬಂದ ಅಷ್ಟೂ ಚಿತ್ರಗಳಲ್ಲಿ ಆಕೆ ಹೇಳುತ್ತಿದ್ದದ್ದು ಅದೊಂದೇ.

ಬಂದೆ, ಈಗ ಹೊರಟೆ ಅಂತ ಕೈ ಮಾಡಿದೆ. ಆಕೆ ನೋಡಿದಳೋ ಇಲ್ಲವೋ, ಅಷ್ಟರಲ್ಲಿ ನೀಲಿ ಬಟ್ಟೆಯವರು ನಡುವೆ ಬಂದರು.

ಬಸ್ಸು ರಾಜೇಶ್ವರದಲ್ಲಿ ನಿಂತು ಮೂಟೆ ಹೇರಿಸಿಕೊಂಡಿತು. ನಾನು ಡ್ರೈವರನಿಗೆ ಮನಸ್ಸಿನಲ್ಲೇ ಬೈಯುತ್ತ, ಮಡಿಲಲ್ಲಿ ಕೈ ಆಡಿಸುತ್ತಿದ್ದೆ: ಬಂದೆ, ಬಂದೆ. ದವಾಖಾನೆ ಮುಟ್ಟಿದಾಗ ಅಣ್ಣ ಹೇಳಿದ, ಒಳಗೆ ಇನ್ನೊಬ್ಬರ ಆಪರೇಷನ್ ನಡೆದಿತ್ತಂತೆ, ಅವ್ವನನ್ನು ಬಾಗಿಲ ಹೊರಗೆ ಬಹಳ ಹೊತ್ತು ಮಲಗಿಸಿದ್ದರಂತೆ, ನಾನು ಬರುವುದಕ್ಕೆ ಸ್ವಲ್ಪವೇ ಮುಂಚೆ ಒಳಗೆ ಒಯ್ದರಂತೆ. ಮೆಟ್ಟಿದ ಚಪ್ಪಲಿ ಬಿಡದೆ ಹೊರಟಿದ್ದರೆ ನಾನು ಆ ಬಾಗಿಲ ಹತ್ತಿರ ಇರುತ್ತಿದ್ದೆ.

ಮೋರಖಂಡಿಯ ಆ ಹೆಣ್ಣುಮಗಳ ಮಗಳ ಅರ್ಜಿ ಅವತ್ತು ಹೋಗಲಿಲ್ಲ. ಮತ್ತೆ ತುಂಬುವಷ್ಟರಲ್ಲಿ ಸೈಟು ಬಂದ್ ಆಗಿತ್ತು ಅಂತ ನಮ್ಮನೆಯವರು ಆಮೇಲೆ ಹೇಳಿದರು. ಆ ಊರಿನವರು ಅಂಗಡಿಗೆ ಬಂದರೆ ನಾನು ಈಗಲೂ ಒಳಗೆ ಹೋಗಿಬಿಡುತ್ತೇನೆ.

ಮರುದಿನ ಬೆಳಿಗ್ಗೆ ಅವ್ವ ಪೂರಾ ಎಚ್ಚರಾದಳು. ಆಕೆ ತಟ್ಟಿ ತೋರಿಸಿದ್ದ ಮಂಚದ ಅಂಚಿನಲ್ಲಿ ವೈನಿ ಕೂತಿದ್ದಳು, ಇಬ್ಬರ ಕೈ ಒಂದರಲ್ಲೊಂದು ಇದ್ದವು. ನನ್ನನ್ನು ಕಂಡು ವೈನಿ ಎದ್ದು ಜಾಗ ಬಿಟ್ಟುಕೊಟ್ಟಳು. ನಾನು ಕೂತೆ, ಅವ್ವ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ನೋವಿದೆಯಾ ಅಂತ ಕೈಯಲ್ಲಿ ಕೇಳಿದೆ.

ಅವ್ವ ನನ್ನ ಮುಖ ನೋಡಿದಳು. ಸಣ್ಣಗೆ ನಕ್ಕು, ಎರಡು ಸಲ ತಲೆ ತೂಗಿದಳು.

ಹಾಗಲ್ಲ ಅವ್ವ, ಕೈಯಲ್ಲಿ ಹೇಳು ಅಂದೆ. ಬೈಯಿ, ಜಗಳ ಆಡು, ಏನಾದರೂ ಅನ್ನು. ಆಕೆ ಮತ್ತೆ ಅದೇ ನಗು ನಕ್ಕು ಗೋಣು ಹಾಕಿದಳು. ಕೈಗಳನ್ನು ಮಾತ್ರ ಹೊದಿಕೆಯ ಹೊರಗೆ ತೆಗೆಯಲಿಲ್ಲ.