ಕೆಂಪಿನ ಪಕ್ಕದ ಹಸಿರು

ಗೋಡೆಗೆ ಬಣ್ಣ ಬಳಿಯಲು ಬಂದವನು ಚಿತ್ರವನ್ನು ಕೆಳಗಿಳಿಸಿ, "ಸರ್ರ, ಇದರ ತಲಿ ಯಾವುದು, ಬುಡ ಯಾವುದು?" ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. ಬಣ್ಣದ ಪೆನ್ಸಿಲ್ಲಿನಲ್ಲಿ ಒತ್ತಿ ಒತ್ತಿ ಬಳಿದ ಒಂದಿಷ್ಟು ಕೆಂಪು, ಒಂದಿಷ್ಟು ಹಸಿರು. ಅದು ಮರವೂ ಅಲ್ಲ, ಬೆಟ್ಟವೂ ಅಲ್ಲ. ಬರೆದವಳು ನನ್ನ ಅಕ್ಕ ಶಾರದಾ.

ಅಕ್ಕ ಸಂಡೂರಿನ ಹತ್ತಿರ, ಕೆಂಪು ಧೂಳಿನ ಯಶವಂತನಗರದಲ್ಲಿ ಒಬ್ಬಳೇ ಇದ್ದು, ಗಣಿ ಕೆಲಸಗಾರರ ಮನೆಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದಾಗ ಹೊಸಪೇಟೆಗೆ, ನಮ್ಮ ಮನೆಗೆ ಕರೆತಂದೆವು. ಬೆರಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. ನಾನು ಪೆನ್ಸಿಲ್ ಡಬ್ಬಿ ತಂದು, ಹಾಳೆಯ ಮೇಲೆ ಗುಲಾಬಿಯೊಂದನ್ನೂ ಗೀಚಿಕೊಟ್ಟೆ. ನನ್ನ ಗುಲಾಬಿ ನಿಮಗೇನು ಹೇಳಲಿ, ಥೇಟು ಎಲೆಕೋಸು.

"ನನಗ ಹೂ ಬ್ಯಾಡ" ಎಂದು ಅಕ್ಕ ಅದರ ಮೇಲೆಯೇ ಕೆಂಪು ಉಜ್ಜಿದಳು. ದಿನವೂ ಬರೀ ಕೆಂಪು. ಉಜ್ಜಿ ಸಾಕಾದರೆ ಕಾಲೆಳೆದುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುವಳು. "ಕುಂದ್ರಿ ಅಕ್ಕಾರ" ಎಂದು ನನ್ನ ಹೆಂಡತಿ ಬೇಡಿಕೊಂಡರೆ, "ಮನಿಗೆ ಕಳಸ್ರಿ, ಕುಂದರ್ತೀನಿ" ಎನ್ನುವಳು.

ಹೀಗೇ ಬಿಟ್ಟರಾಗದೆಂದು ಒಮ್ಮೆ ಬುಕ್ಕಸಾಗರದ ನೆಂಟರ ಗದ್ದೆಗೆ ಕರೆದೊಯ್ದೆ. ಮನೆಗೆ ತಿರುಗಿ ಬಂದವಳೇ ಹಸಿರು ಪೆನ್ಸಿಲ್ ತೆಗೆದು ಕೆಂಪಿಗೆ ಅಂಟಿಸಿದಂತೆ ಬಳಿದಳು. ಅಷ್ಟು ದಿನ ಸತ್ತಂತಿದ್ದ ಕೆಂಪು ಹಾಳೆಯಿಂದ ಎದ್ದು ಬಂದಂತಾಯಿತು.

"ಮಸ್ತ್ ಆಗೇತಿ ಅಕ್ಕ! ಆರಾಮ ಅದೀ ನೋಡು ಇಲ್ಲಿ" ಎಂದೆ.

ಅವಳು ತಲೆ ಎತ್ತಿದಳು. "ಇಲ್ಲಿ ಎಲ್ಲಾರೂ ನನ್ನ ನೋಡ್ಕೋತೀರಿ. ಅಲ್ಲಿ ನಾನು ನಾಕು ಮಂದಿಗೆ ಬೇಕಾಗಿದ್ದೆ, ಲೇ."

ಹೇಳಿ, ಮೊಂಡಾದ ಪೆನ್ಸಿಲನ್ನು ಬಲಗೈಯಲ್ಲೇ ಹಿಡಿದು ಕೆತ್ತಲು ಕೂತಳು. ಅದು ಜಾರಿ ಬಿತ್ತು. ಎತ್ತಿಕೊಡಲು ಬಗ್ಗಿದೆ. "ಮುಟ್ಟಬ್ಯಾಡ!" ಎಂದಳು. ಮತ್ತೆ ಬಿತ್ತು, ಮತ್ತೆ ಎತ್ತಿದಳು. ನನ್ನ ಕೈ ತುರಿಸುತ್ತಿತ್ತು, ತಡೆದುಕೊಂಡು ನಿಂತೆ. ಕೊನೆಗೂ ಮೊನೆ ಬಂತು. ಆ ವಾರವೇ ಅವಳನ್ನು ಊರಿಗೆ ಬಿಟ್ಟುಬಂದೆ. ಇಂದಿಗೂ ಅಲ್ಲೇ ಇದ್ದಾಳೆ. ಎಡಗೈಯಲ್ಲಿ ಬಟ್ಟೆ ಕತ್ತರಿಸುತ್ತಾಳೆ, ಬಾಯಲ್ಲಿ ಬೈಯುತ್ತ ಕಲಿಸುತ್ತಾಳೆ.

ನಾನೀಗ ನಿವೃತ್ತ. ಕೂತಲ್ಲಿ ಕೂರಲಾಗದೆ ಇಡೀ ಮನೆ ಸುತ್ತುತ್ತೇನೆ. ಚಿತ್ರ ನೋಡಿದ್ದೇ ತಡ, ಅವಳಿಗೆ ಫೋನು ಮಾಡಿದೆ. "ಅಕ್ಕಾ, ನಾಕು ದಿನ ಬರ್ಲೇನು?"

"ಬಾ. ಆದರ ಕೈಕಟ್ಕೊಂಡು ಕುಂದ್ರಾಕ ಬರಬ್ಯಾಡ. ಗುಂಡಿ ಹಚ್ಚೋದು ಕಲಸ್ತೀನಿ."

ಇದನ್ನೆಲ್ಲ ನಿಮಗೆ ಸಂಡೂರಿನ ಬಸ್ಸಿನಲ್ಲಿ ಕೂತು ಹೇಳುತ್ತಿದ್ದೇನೆ.